ಕಾಗದರಹಿತ ಬೋರ್ಡಿಂಗ್ ಪಾಸ್

ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಪಾಸನ್ನು ಕಾಗದದ ಮೇಲೆ ಮುದ್ರಿಸದೆ, ಮೊಬೈಲ್ ಫೋನಿನ ಪರದೆಯಲ್ಲಿ ಬಾರ್‌ಕೋಡ್ ರೂಪದಲ್ಲಿ ತೋರಿಸುವ ವ್ಯವಸ್ಥೆಗೆ ಮೊಬೈಲ್ ಬೋರ್ಡಿಂಗ್ ಪಾಸ್ ಎಂದು ಹೆಸರು. 2007ರ ಸುಮಾರಿಗೆ ಕೆಲವೇ ನಿಲ್ದಾಣಗಳಲ್ಲಿ ಪ್ರಯೋಗವಾಗಿ ಕಂಡುಬಂದ ಇದು ಇಂದು ಬಹುತೇಕ ದೊಡ್ಡ ವಿಮಾನ ಸಂಸ್ಥೆಗಳಲ್ಲಿ ದಿನಬಳಕೆಯ ಸಂಗತಿಯಾಗಿದೆ. ಟಿಕೆಟ್ಟು ಬೇರೆ, ಬೋರ್ಡಿಂಗ್ ಪಾಸ್ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಹಣ ತೆತ್ತು ಪಡೆದ ಪ್ರಯಾಣದ ಹಕ್ಕಿಗೆ ಟಿಕೆಟ್ಟು ದಾಖಲೆ. ಪ್ರಯಾಣಿಕರು ಚೆಕ್-ಇನ್ ಮಾಡಿ ತಾವು ಬರುತ್ತಿರುವುದನ್ನು ಖಚಿತಪಡಿಸಿದ ಮೇಲೆ, ಸೀಟು ಗೊತ್ತುಮಾಡಿ ಸಂಸ್ಥೆ ಕೊಡುವ ಚೀಟಿಯೇ ಬೋರ್ಡಿಂಗ್ ಪಾಸ್. ಮುಂಗಡ ಬುಕಿಂಗ್ ಮಾಡಿದ ಬಸ್ಸಿಗೆ ಟಿಕೆಟ್ಟೊಂದಿದ್ದರೆ ಸಾಕು, ವಿಮಾನಕ್ಕೆ ಸಾಲದು.

ಫೋನಿನ ಪಾಸು ಬರಲು ಅದಕ್ಕೆ ಮುಂಚೆ ಎರಡು ಬದಲಾವಣೆಗಳು ಆಗಬೇಕಿತ್ತು. ಕಾಗದದ ಟಿಕೆಟ್ಟು ಹೋಗಬೇಕಿತ್ತು, ಪಾಸಿನ ಹಿಂಬದಿಯ ಕಾಂತಪಟ್ಟಿಯೂ ಹೋಗಬೇಕಿತ್ತು. 1980ರ ದಶಕದಿಂದ ದೊಡ್ಡ ನಿಲ್ದಾಣಗಳಲ್ಲಿ ಬಳಕೆಗೆ ಬಂದ ದಪ್ಪ ಕಾಗದದ ಪಾಸುಗಳ ಹಿಂದೆ, ಕ್ಯಾಸೆಟ್ ಟೇಪಿನ ಬಣ್ಣದ ಒಂದು ಕಾಂತಪಟ್ಟಿ ಇರುತ್ತಿತ್ತು. ಪ್ರಯಾಣದ ವಿವರ ಅದರಲ್ಲಿ ದಾಖಲಾಗುತ್ತಿತ್ತು. ಅಂಥ ಪಾಸಿಗೆ ವಿಶೇಷ ಕಾಗದ, ದುಬಾರಿ ಮುದ್ರಣಯಂತ್ರ, ಗೇಟಿನಲ್ಲಿ ಅದನ್ನು ಒಳಗೆಳೆದು ಓದುವ ಮತ್ತೊಂದು ಯಂತ್ರ ಬೇಕಿತ್ತು. ಮನೆಯ ಪ್ರಿಂಟರಿನಲ್ಲಿ ಅದನ್ನು ತಯಾರಿಸುವಂತಿರಲಿಲ್ಲ. 1999ರಲ್ಲಿ ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್ ತನ್ನ ಪ್ರಯಾಣಿಕರಿಗೆ ಇಂಟರ್ನೆಟ್ಟಿನಲ್ಲೇ ಚೆಕ್-ಇನ್ ಮಾಡಿ ಮನೆಯಲ್ಲೇ ಪಾಸು ಮುದ್ರಿಸಿಕೊಳ್ಳುವ ಅವಕಾಶ ಕೊಟ್ಟಾಗ, ಶಾಯಿಯಲ್ಲಿ ಮುದ್ರಿಸಬಹುದಾದ ಸಂಕೇತವೇ ಮುಂದಿನ ದಾರಿ ಎಂಬುದು ಸ್ಪಷ್ಟವಾಯಿತು.

ಈ ದಾರಿಗೆ ಏಕರೂಪದ ನಿಯಮ ಕೊಟ್ಟದ್ದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎ. 2004ರಲ್ಲಿ ಅದು ಪ್ರಯಾಣದ ವಿಧಿಗಳನ್ನು ಸರಳಗೊಳಿಸುವ ಕಾರ್ಯಕ್ರಮ ಹಾಕಿಕೊಂಡಿತು. ಒಂದು ಕಾಗದದ ಟಿಕೆಟ್ಟನ್ನು ನಿರ್ವಹಿಸಲು ಸುಮಾರು 10 ಡಾಲರ್, ಇ-ಟಿಕೆಟ್ಟಿಗೆ ಸುಮಾರು 1 ಡಾಲರ್ ತಗಲುತ್ತದೆ ಎಂಬುದು ಒಕ್ಕೂಟದ ಲೆಕ್ಕವಾಗಿತ್ತು. 2008ರ ಜೂನ್ 1ರಿಂದ ಒಕ್ಕೂಟದ ವ್ಯವಸ್ಥೆಯಲ್ಲಿ ಕಾಗದದ ಟಿಕೆಟ್ಟು ನಿಂತೇಹೋಯಿತು. ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣ ಬಾಗಿಲು ತೆರೆದದ್ದು ಅದಕ್ಕೆ ಒಂದು ವಾರದ ಹಿಂದೆ, ಮೇ 24ರಂದು. ಕರ್ನಾಟಕದ ಪ್ರಯಾಣಿಕರಿಗೆ ಮಾತ್ರ ಕಾಗದವಿಲ್ಲದ ಟಿಕೆಟ್ಟು ಆ ಹೊತ್ತಿಗೆ ಹೊಸದಾಗಿರಲಿಲ್ಲ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಆರಂಭಿಸಿದ ಏರ್ ಡೆಕ್ಕನ್, ಕಡಿಮೆ ದರದ ಟಿಕೆಟ್ಟುಗಳನ್ನು ಇಂಟರ್ನೆಟ್ಟಿನ ಮೂಲಕ ಮಾರಿ, ಸಾಮಾನ್ಯ ಹಾಳೆಯ ಮೇಲಿನ ಪ್ರಿಂಟೌಟನ್ನೇ ಟಿಕೆಟ್ಟೆಂದು ಒಪ್ಪುವ ಅಭ್ಯಾಸವನ್ನು ಮೊದಲ ಬಾರಿಗೆ ವಿಮಾನ ಹತ್ತಿದ ಸಾವಿರಾರು ಜನರಿಗೆ ಮಾಡಿಸಿತ್ತು.

ಬಾರ್‌ಕೋಡ್ ಇರುವ ಪಾಸಿನ ಮಾನದಂಡವನ್ನು ಐಎಟಿಎ 2005ರಲ್ಲಿ ಹೊರತಂದಿತು; ಒಕ್ಕೂಟದ 792ನೆಯ ನಿರ್ಣಯ ಇದಕ್ಕೆ ಸಂಬಂಧಿಸಿದ್ದು. 2010ರ ಕೊನೆಯೊಳಗೆ ಕಾಂತಪಟ್ಟಿಯನ್ನು ಕೈಬಿಡಬೇಕೆಂದು ಗಡುವು ಇತ್ತು. ಕಾಗದಕ್ಕೆ ಆಯ್ದದ್ದು ಪಿಡಿಎಫ್417 ಎಂಬ, ಅಗಲಕ್ಕೆ ಹರಡಿದ ಸಂಕೇತ. ಇದರ ಒಂದೊಂದು ಅಕ್ಷರಘಟಕವೂ 17 ಮಾನಗಳ ಅಗಲದಲ್ಲಿ 4 ಗೆರೆ, 4 ತೆರವುಗಳನ್ನು ಹೊಂದಿರುವುದರಿಂದ ಈ ಹೆಸರು. ಸಾಲು ಸಾಲಾಗಿ ಪೇರಿಸಿದ ಗೆರೆಗಳಾದ ಕಾರಣ ಲೇಸರ್ ಸ್ಕ್ಯಾನರ್ ಕೂಡ ಇದನ್ನು ಓದಬಲ್ಲದು. ಆದರೆ ಫೋನಿನ ಕಿರಿದಾದ ಪರದೆಗೆ ಈ ಉದ್ದನೆಯ ಆಕಾರ ಒಗ್ಗುವುದಿಲ್ಲ. ಹಾಗಾಗಿ 2007ರಲ್ಲಿ ಫೋನಿಗೆಂದು ಮೂರು ಚೌಕ ಸಂಕೇತಗಳನ್ನು ಒಪ್ಪಲಾಯಿತು: ಆಜ್ಟೆಕ್, ಡೇಟಾ ಮ್ಯಾಟ್ರಿಕ್ಸ್ ಮತ್ತು ಕ್ಯೂಆರ್. ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ 1994ರಲ್ಲಿ ಹುಟ್ಟಿದ ಕ್ಯೂಆರ್ ಕೋಡನ್ನು ಇಂದು ತರಕಾರಿ ಗಾಡಿಯ ಮೇಲೂ ಕಾಣಬಹುದು. ಅದರ ಮೂರು ಮೂಲೆಗಳಲ್ಲಿ ಮೂರು ಚೌಕಗಳಿರುತ್ತವೆ. 1995ರಲ್ಲಿ ಅಮೆರಿಕದ ವೆಲ್ಚ್ ಆಲಿನ್ ಸಂಸ್ಥೆಯಲ್ಲಿ ರೂಪುಗೊಂಡ ಆಜ್ಟೆಕ್‌ಗೆ ನಟ್ಟನಡುವೆ ಒಂದರೊಳಗೊಂದು ಚೌಕಗಳಿದ್ದು, ಮೇಲಿನಿಂದ ನೋಡಿದ ಮೆಟ್ಟಿಲು ಪಿರಮಿಡ್ಡಿನಂತೆ ಕಾಣುತ್ತದೆ. ಯಂತ್ರ ಮೊದಲು ಆ ನಡುವನ್ನು ಹಿಡಿದು ಹೊರಗಿನ ಸುತ್ತುಗಳನ್ನು ಓದುತ್ತ ಹೋಗುತ್ತದೆ. ಸುತ್ತಲೂ ಖಾಲಿ ಅಂಚು ಬಿಡುವ ಅಗತ್ಯ ಇದಕ್ಕಿಲ್ಲ. ಚಿಕ್ಕ ಪರದೆಗೆ ಇದು ದೊಡ್ಡ ಅನುಕೂಲ. ಈ ಎಲ್ಲ ಸಂಕೇತಗಳಲ್ಲೂ ರೀಡ್-ಸಾಲೊಮನ್ ಎಂಬ ದೋಷನಿವಾರಣೆಯ ಗಣಿತ ಅಡಗಿರುವುದರಿಂದ ಗಾಜಿನ ಮೇಲೆ ಸಣ್ಣ ಬಿರುಕು ಇದ್ದರೂ ಓದಿಗೆ ಸಾಮಾನ್ಯವಾಗಿ ತೊಡಕಾಗುವುದಿಲ್ಲ.

ಸಂಕೇತದೊಳಗೆ ಇರುವುದು ಗೂಢಲಿಪಿಯಲ್ಲ, ಸರಳ ಅಕ್ಷರಗಳ ಒಂದು ಸಾಲು. ಒಂದು ಹಂತದ ಪ್ರಯಾಣಕ್ಕೆ ಕಡ್ಡಾಯವಾದ 60 ಅಕ್ಷರಸ್ಥಾನಗಳಿವೆ. ಮೊದಲು ಮಾದರಿಯ ಗುರುತು ಮತ್ತು ಹಂತಗಳ ಸಂಖ್ಯೆ, ನಂತರ ಹೆಸರಿಗೆ 20 ಸ್ಥಾನ, ಬುಕಿಂಗ್ ಸಂಖ್ಯೆಯಾದ ಪಿಎನ್‌ಆರ್‌ಗೆ 7, ಹೊರಡುವ ಮತ್ತು ತಲುಪುವ ಊರುಗಳಿಗೆ ತಲಾ 3. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರ ಪಾಸಿನಲ್ಲಿ ಬಿಎಲ್‌ಆರ್, ಐಎಕ್ಸ್‌ಇ ಎಂದಿರುತ್ತದೆ. ಆಮೇಲೆ ಸಂಸ್ಥೆ, ವಿಮಾನದ ಸಂಖ್ಯೆ, ದಿನಾಂಕ, ದರ್ಜೆ, ಸೀಟು, ಚೆಕ್-ಇನ್ ಆದ ಕ್ರಮಸಂಖ್ಯೆ. ದಿನಾಂಕ ಬರೆಯುವ ರೀತಿ ವಿಶಿಷ್ಟ. ತಿಂಗಳು, ತಾರೀಕು ಇಲ್ಲ; ವರ್ಷದ ಎಷ್ಟನೆಯ ದಿನ ಎಂಬ ಮೂರಂಕಿ ಮಾತ್ರ. ನವೆಂಬರ್ 1ರ ರಾಜ್ಯೋತ್ಸವದ ದಿನದ ಪಾಸಿನಲ್ಲಿ 305 ಎಂದಿರುತ್ತದೆ, ಅಧಿಕ ವರ್ಷವಾದರೆ 306. ಕ್ರಮಸಂಖ್ಯೆಯನ್ನು ಸಿಬ್ಬಂದಿ ಸೀಕ್ವೆನ್ಸ್ ನಂಬರ್ ಎನ್ನುತ್ತಾರೆ. ಗೇಟು ಮುಚ್ಚುವ ಮುಂಚೆ ಯಾರು ಇನ್ನೂ ಬಂದಿಲ್ಲ ಎಂದು ಹುಡುಕಲು ಇದು ನೆರವಾಗುತ್ತದೆ.

ಹೆಸರಿನ ಇಪ್ಪತ್ತು ಸ್ಥಾನಗಳು ಅನೇಕ ಕನ್ನಡಿಗರ ಹೆಸರುಗಳಿಗೆ ಸಾಲುವುದಿಲ್ಲ. ಮಾನದಂಡ ಕೇಳುವುದು ಮೊದಲು ಮನೆತನದ ಹೆಸರು, ಬಳಿಕ ಓರೆಗೆರೆ, ಬಳಿಕ ಸ್ವಂತ ಹೆಸರು, ಎಲ್ಲವೂ ರೋಮನ್ ದೊಡ್ಡಕ್ಷರದಲ್ಲಿ. ಹೊಳೆನರಸೀಪುರ ಅನಂತಪದ್ಮನಾಭ ಎಂಬಂಥ ಹೆಸರನ್ನು ತೆಗೆದುಕೊಂಡರೆ, ಊರಿನ ಹೆಸರಿಗೇ 14 ಅಕ್ಷರ ಹೋಗುತ್ತದೆ, ಓರೆಗೆರೆಗೆ 1. ಉಳಿದ ಐದರಲ್ಲಿ 'ಅನಂತ್' ಎಂಬಷ್ಟು ಮಾತ್ರ ಹಿಡಿಸಿ ಪದ್ಮನಾಭ ಹೊರಗುಳಿಯುತ್ತದೆ. ಇನಿಷಿಯಲ್ ಮಾತ್ರ ಇದ್ದು ಮನೆತನದ ಹೆಸರೇ ಇಲ್ಲದವರ ಪಾಸಿನಲ್ಲಿ ಸ್ವಂತ ಹೆಸರೇ ಎರಡು ಸಲ ಬರುವುದೂ ಉಂಟು. ಪಾಸಿನಲ್ಲಿ ಹೆಸರು ತುಂಡಾಗಿರುವುದನ್ನು ಕಂಡು ಗಾಬರಿಪಡಬೇಕಾದ್ದಿಲ್ಲ. ಸಂಸ್ಥೆಯ ಕಂಪ್ಯೂಟರಿನಲ್ಲಿ ಪೂರ್ಣ ಹೆಸರು ಇರುತ್ತದೆ. ಬುಕಿಂಗ್ ಮಾಡುವಾಗ ಮಾತ್ರ ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯುವುದು ಅಗತ್ಯ.

ಗೇಟಿನಲ್ಲಿ ನಡೆಯುವುದು ಇಷ್ಟು: ಸ್ಕ್ಯಾನರ್ ಸಂಕೇತವನ್ನು ಓದಿ ಸಂಸ್ಥೆಯ ನಿರ್ಗಮನ ನಿಯಂತ್ರಣ ವ್ಯವಸ್ಥೆಯನ್ನು ಕೇಳುತ್ತದೆ. ಈ ಹೆಸರು ಈ ವಿಮಾನದ ಪಟ್ಟಿಯಲ್ಲಿದೆಯೇ, ಈ ಸೀಟು ಇವರದೇ, ಇದೇ ಸಂಕೇತ ಆಗಲೇ ಒಮ್ಮೆ ಬಂದಿದೆಯೇ? ಎಲ್ಲ ಸರಿಯಿದ್ದರೆ ಹಸಿರು ದೀಪ. ಅಂದರೆ ನಿಜವಾದ ಅನುಮತಿ ಇರುವುದು ಆ ಪಟ್ಟಿಯಲ್ಲಿ. ಫೋನಿನ ಚಿತ್ರ ಪಟ್ಟಿಯ ಸರಿಯಾದ ಸಾಲನ್ನು ತೆರೆಯುವ ಕೀಲಿಕೈ. ಫೋನು ಕಳೆದರೂ ಚಾರ್ಜು ಮುಗಿದರೂ ಪ್ರಯಾಣದ ಹಕ್ಕು ಹೋಗದಿರುವುದು ಇದೇ ಕಾರಣಕ್ಕೆ. ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿದರೆ ಅದೇ ಸಾಲಿನಿಂದ ಇನ್ನೊಂದು ಪಾಸು ತೆಗೆಯಬಹುದು.

ಓದುವ ಯಂತ್ರಗಳನ್ನು ಬದಲಾಯಿಸುವುದೇ ಆರಂಭದ ವರ್ಷಗಳ ದೊಡ್ಡ ತೊಡಕಾಗಿತ್ತು. ಲೇಸರ್ ಸ್ಕ್ಯಾನರ್ ಕಾಗದದ ಕಪ್ಪು ಬಿಳುಪಿನಿಂದ ಚದುರಿ ಮರಳುವ ಬೆಳಕನ್ನು ಅಳೆಯುತ್ತದೆ. ಫೋನಿನ ಪರದೆ ತಾನೇ ಬೆಳಕು ಸೂಸುವ ಹೊಳಪಿನ ಗಾಜು. ಲೇಸರ್ ಕಿರಣಕ್ಕೆ ಅಲ್ಲಿ ಕಪ್ಪು ಬಿಳುಪಿನ ಭೇದ ಸಿಗುವುದಿಲ್ಲ. ಹಾಗಾಗಿ ಕ್ಯಾಮೆರಾದಂತೆ ಇಡೀ ಚಿತ್ರವನ್ನು ಸೆರೆಹಿಡಿಯುವ ಸ್ಕ್ಯಾನರುಗಳನ್ನು ಗೇಟಿನಿಂದ ಗೇಟಿಗೆ ಹಾಕಬೇಕಾಯಿತು. ಇಂದಿಗೂ ಪರದೆಯ ಬೆಳಕು ಮಂದವಾಗಿದ್ದರೆ, ಗಾಜಿನ ಮೇಲೆ ಎಣ್ಣೆ ಬೆರಳಿನ ಗುರುತಿದ್ದರೆ ಸ್ಕ್ಯಾನರ್ ತಡವರಿಸುತ್ತದೆ. ಪಾಸು ತೆರೆದ ಕೂಡಲೇ ಪರದೆಯನ್ನು ತಾನಾಗಿ ಬೆಳಗಿಸುವ ಏರ್ಪಾಡು ಆಪ್‌ಗಳಲ್ಲಿ ಬಂದದ್ದು ಈ ತೊಂದರೆಯಿಂದಲೇ.

ಅಮೆರಿಕದಲ್ಲಿ ಈ ವ್ಯವಸ್ಥೆಯ ಮೊದಲ ಅಧಿಕೃತ ಪರೀಕ್ಷೆ 2007ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನ ಜಾರ್ಜ್ ಬುಷ್ ನಿಲ್ದಾಣದಲ್ಲಿ ಆರಂಭವಾಯಿತು. ಕಾಂಟಿನೆಂಟಲ್ ಏರ್‌ಲೈನ್ಸ್ ಮತ್ತು ಅಲ್ಲಿನ ಸಾರಿಗೆ ಭದ್ರತಾ ಆಡಳಿತವಾದ ಟಿಎಸ್‌ಎ ಸೇರಿ ಮೂರು ತಿಂಗಳ ಪ್ರಯೋಗವೆಂದು ಇದನ್ನು ನಡೆಸಿದವು. ಫೋನಿಗೆ ಬಂದ ಸಂಕೇತವನ್ನು ಭದ್ರತಾ ಸಿಬ್ಬಂದಿ ಕೈಯಲ್ಲಿ ಹಿಡಿದ ಸ್ಕ್ಯಾನರಿನಿಂದ ಓದುತ್ತಿದ್ದರು. ಪ್ರಯೋಗ ಮುಂದುವರಿದು ಬೇರೆ ನಿಲ್ದಾಣಗಳಿಗೂ ಹರಡಿತು. ಜಪಾನ್ ಇದಕ್ಕೂ ಮುಂಚೆ ಇನ್ನೊಂದು ದಾರಿ ಹಿಡಿದಿತ್ತು. ಸೋನಿಯ ಫೆಲಿಕಾ ಚಿಪ್ ಇರುವ ಫೋನುಗಳು ಅಲ್ಲಿ 2004ರಿಂದಲೇ ಮಾರುಕಟ್ಟೆಯಲ್ಲಿದ್ದವು. ದೇಶದೊಳಗಿನ ವಿಮಾನಗಳಿಗೆ ಪ್ರಯಾಣಿಕರು ಕಾರ್ಡನ್ನೋ ಫೋನನ್ನೋ ಯಂತ್ರಕ್ಕೆ ತಾಕಿಸಿ ಒಳಹೋಗುತ್ತಿದ್ದರು. ಚಿತ್ರಸಂಕೇತಕ್ಕೆ ಹೋಲಿಸಿದರೆ ಇದು ಚುರುಕಾದ ವಿಧಾನ. ಆದರೂ ಜಗತ್ತಿನಾದ್ಯಂತ ಗೆದ್ದದ್ದು ಚಿತ್ರಸಂಕೇತವೇ, ಏಕೆಂದರೆ ಅದಕ್ಕೆ ಪರದೆಯೊಂದಿದ್ದರೆ ಸಾಕು, ಫೋನಿನಲ್ಲಿ ವಿಶೇಷ ಚಿಪ್ ಬೇಡ.

2012ರ ಸೆಪ್ಟೆಂಬರಿನಲ್ಲಿ ಆಪಲ್ ಐಫೋನಿನಲ್ಲಿ ಪಾಸ್‌ಬುಕ್ ಎಂಬ ಆಪ್ ತಂದಿತು. 2015ರಲ್ಲಿ ಅದರ ಹೆಸರು ವ್ಯಾಲೆಟ್ ಎಂದಾಯಿತು. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಇದೇ ಬಗೆಯ ವ್ಯವಸ್ಥೆ ಒದಗಿಸಿತು. ಇದಕ್ಕೆ ಮುಂಚೆ ಪಾಸು ಮೆಸೇಜಿನಲ್ಲೋ ಇಮೇಲಿನಲ್ಲೋ ಬಂದು, ಗೇಟಿನ ಬಳಿ ನೆಟ್‌ವರ್ಕ್ ಸಿಗದೆ ತೆರೆದುಕೊಳ್ಳದಿರುವ ಕಷ್ಟವಿತ್ತು. ವ್ಯಾಲೆಟ್ಟಿನ ಪಾಸು ಫೋನಿನಲ್ಲೇ ಉಳಿಯುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ, ಹೊರಡುವ ಹೊತ್ತು ಹತ್ತಿರವಾದಾಗ ಲಾಕ್ ಆದ ಪರದೆಯ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಗೇಟು ಬದಲಾದರೆ ಸಂಸ್ಥೆ ಅದನ್ನು ದೂರದಿಂದಲೇ ತಿದ್ದಬಹುದು. ಕಾಗದದ ಪಾಸಿಗೆ ಎಂದೂ ಸಾಧ್ಯವಿಲ್ಲದ ಗುಣ ಇದೊಂದೇ, ಮತ್ತು ಫೋನಿನ ಪಾಸಿನ ನಿಜವಾದ ಹೆಚ್ಚುಗಾರಿಕೆಯೂ ಇದೇ.

ಭಾರತದಲ್ಲಿ ಫೋನಿನ ಪಾಸಿಗೆ ಅಡ್ಡ ಬಂದದ್ದು ಒಂದು ರಬ್ಬರ್ ಮೊಹರು. ದೊಡ್ಡ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್, ತಪಾಸಣೆ ಮುಗಿದವರ ಬೋರ್ಡಿಂಗ್ ಪಾಸಿಗೂ ಕೈಚೀಲದ ಟ್ಯಾಗಿಗೂ ಮೊಹರು ಒತ್ತುತ್ತಿತ್ತು. ವಿಮಾನದ ಗೇಟಿನಲ್ಲಿ ಸಂಸ್ಥೆಯ ಸಿಬ್ಬಂದಿ ಆ ಮೊಹರನ್ನು ನೋಡಿ, ಪಾಸಿನ ದೊಡ್ಡ ತುಂಡನ್ನು ಹರಿದಿಟ್ಟುಕೊಂಡು ಚಿಕ್ಕ ತುಂಡನ್ನು ಕೈಗೆ ಕೊಡುತ್ತಿದ್ದರು. ಗಾಜಿನ ಪರದೆಗೆ ಮೊಹರು ಒತ್ತುವುದು ಹೇಗೆ? ಹಾಗಾಗಿ ಫೋನಿನಲ್ಲಿ ಚೆಕ್-ಇನ್ ಮುಗಿಸಿ ಬಂದವರೂ ಬಹಳ ಕಾಲ ನಿಲ್ದಾಣದ ಕಿಯಾಸ್ಕ್ ಮುಂದೆ ನಿಂತು ಕಾಗದ ತೆಗೆದುಕೊಂಡೇ ಒಳಗೆ ಹೋಗಬೇಕಿತ್ತು. 2017ರ ಏಪ್ರಿಲಿನಲ್ಲಿ ಬೆಂಗಳೂರು, ದೆಹಲಿ, ಮುಂಬೈ, ಹೈದರಾಬಾದ್ ಸೇರಿ ಏಳು ನಿಲ್ದಾಣಗಳಲ್ಲಿ ಕೈಚೀಲದ ಟ್ಯಾಗಿನ ಮೊಹರು ನಿಂತಿತು. ಪಾಸಿನ ಮೊಹರನ್ನು ನಿಲ್ಲಿಸಿದ್ದು ಕೋವಿಡ್. ಎರಡು ತಿಂಗಳು ನಿಂತಿದ್ದ ದೇಶದೊಳಗಿನ ವಿಮಾನಗಳು 2020ರ ಮೇ 25ರಂದು ಮತ್ತೆ ಹಾರಿದಾಗ ವೆಬ್ ಚೆಕ್-ಇನ್ ಕಡ್ಡಾಯವಾಯಿತು. ಯಾರೂ ಯಾರ ಕಾಗದವನ್ನೂ ಮುಟ್ಟಬಾರದೆಂಬ ನಿಯಮದಡಿ ಮೊಹರನ್ನು ಕೈಬಿಟ್ಟು, ಸ್ಕ್ಯಾನರ್ ಮುಂದೆ ಪಾಸನ್ನು ದೂರದಿಂದ ಹಿಡಿದು ತೋರಿಸುವ ಪದ್ಧತಿ ಬಂತು. ಹಲವು ವರ್ಷ ಚರ್ಚೆಯಲ್ಲೇ ಉಳಿದಿದ್ದ ಬದಲಾವಣೆ ಹೀಗೆ ಕೆಲವೇ ವಾರಗಳಲ್ಲಿ ಆಗಿಹೋಯಿತು.

ಮುಂದಿನ ಹೆಜ್ಜೆ, ಮುಖವನ್ನೇ ಗುರುತಾಗಿ ಬಳಸುವ ಡಿಜಿಯಾತ್ರಾ. ಇದರ ನೀತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿತು. ಅದೇ ವರ್ಷ ಬೆಂಗಳೂರು ನಿಲ್ದಾಣ ಪೋರ್ಚುಗಲ್ಲಿನ ವಿಷನ್-ಬಾಕ್ಸ್ ಸಂಸ್ಥೆಯ ಜತೆ ಮುಖ ಗುರುತಿಸಿ ಒಳಬಿಡುವ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡಿತ್ತು. ಡಿಜಿಯಾತ್ರಾ ಪ್ರತಿಷ್ಠಾನ ಲಾಭದ ಉದ್ದೇಶವಿಲ್ಲದ ಕಂಪನಿಯಾಗಿ 2019ರಲ್ಲಿ ಸ್ಥಾಪನೆಯಾಯಿತು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇಕಡಾ 26, ಉಳಿದದ್ದು ಬೆಂಗಳೂರು ಸೇರಿ ಐದು ನಿಲ್ದಾಣ ಕಂಪನಿಗಳದ್ದು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಸೇವೆ ಶುರುವಾಯಿತು. ಪ್ರಯಾಣಿಕರು ಆಧಾರ್ ಮೂಲಕ ಗುರುತು ದೃಢಪಡಿಸಿ, ಸೆಲ್ಫಿ ತೆಗೆದು, ಪಾಸಿನ ಬಾರ್‌ಕೋಡನ್ನು ಆಪ್‌ಗೆ ಸೇರಿಸುತ್ತಾರೆ. ಪ್ರವೇಶದ್ವಾರ, ಭದ್ರತಾ ತಪಾಸಣೆ, ವಿಮಾನದ ಗೇಟು, ಈ ಮೂರೂ ಕಡೆ ಕ್ಯಾಮೆರಾ ಮುಖವನ್ನು ಗುರುತಿಸುತ್ತದೆ. ಗುರುತಿನ ದಾಖಲೆ ಪ್ರಯಾಣಿಕರ ಫೋನಿನಲ್ಲೇ ಇರುತ್ತದೆ, ನಿಲ್ದಾಣಕ್ಕೆ ಹೋದ ಅದರ ನಕಲು 24 ಗಂಟೆಗಳೊಳಗೆ ಅಳಿಸಿಹೋಗುತ್ತದೆ ಎಂಬುದು ವ್ಯವಸ್ಥೆಯ ವಾಗ್ದಾನ. ಇದು ಐಚ್ಛಿಕ, ಬೇಡವೆನ್ನುವವರಿಗೆ ಗುರುತಿನ ಚೀಟಿ ತೋರಿಸುವ ಸಾಲು ಇದ್ದೇ ಇರಬೇಕು. ಒಮ್ಮೆ ಸೋರಿದ ಪಾಸ್‌ವರ್ಡನ್ನು ಬದಲಾಯಿಸಬಹುದು, ಮುಖವನ್ನು ಬದಲಾಯಿಸಲಾಗದು. ಹೀಗಿರುವಾಗ ಆ ಸಾಲು ಕ್ರಮೇಣ ಕಿರಿದಾಗದಂತೆ ನೋಡಿಕೊಳ್ಳುವುದು ಮುಖ್ಯ.

ವಿದೇಶ ಪ್ರಯಾಣದಲ್ಲಿ ಕಾಗದ ಇನ್ನೂ ಗಟ್ಟಿಯಾಗಿ ಉಳಿದಿದೆ. ಸರಿಯಾದ ವೀಸಾ ಇಲ್ಲದವರನ್ನು ಕರೆತಂದರೆ ಅನೇಕ ದೇಶಗಳು ವಿಮಾನ ಸಂಸ್ಥೆಗೇ ದಂಡ ಹಾಕುತ್ತವೆ. ಆದ್ದರಿಂದ ಫೋನಿನಲ್ಲಿ ಚೆಕ್-ಇನ್ ಮಾಡಿದ್ದರೂ ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿದ ಮೇಲೆಯೇ ಪಾಸು ಕೈಗೆ ಬರುವುದು ಸಾಮಾನ್ಯ. ಅಮೆರಿಕದ ವಿಮಾನಗಳಲ್ಲಿ ಹೆಚ್ಚುವರಿ ತಪಾಸಣೆಗೆ ಆಯ್ಕೆಯಾದವರ ಪಾಸಿನಲ್ಲಿ ನಾಲ್ಕು 'ಎಸ್' ಅಕ್ಷರಗಳಿರುತ್ತವೆ. ಅವರೂ ಸಾಮಾನ್ಯವಾಗಿ ಕೌಂಟರಿಗೆ ಹೋಗಬೇಕು. ಸಾಮಾನಿನ ಟ್ಯಾಗು ಬಹುಮಟ್ಟಿಗೆ ಇಂದೂ ಕಾಗದದ್ದೇ.

ನಕಲಿ ಪಾಸಿನ ಪ್ರಶ್ನೆ ಮೊದಲಿನಿಂದಲೂ ಇದೆ. 2006ರಲ್ಲಿ ಅಮೆರಿಕದ ಸಂಶೋಧನಾ ವಿದ್ಯಾರ್ಥಿ ಕ್ರಿಸ್ಟೊಫರ್ ಸೊಘೋಯನ್, ಮನೆಯಲ್ಲಿ ಮುದ್ರಿಸುವ ಪಾಸನ್ನು ಎಷ್ಟು ಸುಲಭವಾಗಿ ನಕಲು ಮಾಡಬಹುದೆಂದು ತೋರಿಸುವ ವೆಬ್‌ಸೈಟ್ ರಚಿಸಿದರು. ಎಫ್‌ಬಿಐ ಅವರ ಮನೆಯನ್ನು ಶೋಧಿಸಿತು. ಹತ್ತು ವರ್ಷಗಳ ಬಳಿಕ, 2016ರಲ್ಲಿ, ಪೋಲೆಂಡಿನ ಭದ್ರತಾ ತಜ್ಞ ಪ್ರೆಮೆಕ್ ಯರೊಶೆವ್‌ಸ್ಕಿ ತಾವೇ ತಯಾರಿಸಿದ ಕ್ಯೂಆರ್ ಕೋಡ್ ತೋರಿಸಿ ನಿಲ್ದಾಣಗಳ ಲೌಂಜ್‌ಗಳೊಳಗೆ ಹೋಗಬಹುದೆಂದು ಸಾಬೀತುಪಡಿಸಿದರು. ಸಂಸ್ಥೆಯ ಪಟ್ಟಿಯನ್ನು ಕೇಳದೆ ಬರೀ ಸಂಕೇತವನ್ನು ನಂಬುವ ಬಾಗಿಲುಗಳಲ್ಲಿ ಮಾತ್ರ ಇದು ನಡೆಯುತ್ತದೆ. ವಿಮಾನದ ಗೇಟಿನಲ್ಲಿ ನಡೆಯದು. ಸಂಕೇತಕ್ಕೆ ಡಿಜಿಟಲ್ ಸಹಿ ಸೇರಿಸುವ ಜಾಗ ಮಾನದಂಡದಲ್ಲಿದೆ. ಅದನ್ನು ಎಲ್ಲ ಕಡೆ ಪರಿಶೀಲಿಸಿದರೆ ಈ ಕಿಂಡಿಯೂ ಮುಚ್ಚುತ್ತದೆ.

ಸಾಮಾನ್ಯ ಪ್ರಯಾಣಿಕರಿಗೆ ಹೆಚ್ಚು ಹತ್ತಿರದ ಅಪಾಯ ಬೇರೆಯದು. ಪಾಸಿನಲ್ಲಿ ಹೆಸರೂ ಪಿಎನ್‌ಆರ್ ಕೂಡ ಇರುತ್ತವೆ. ಅನೇಕ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಬುಕಿಂಗ್ ತೆರೆಯಲು ಈ ಎರಡೇ ಸಾಕು. 2020ರಲ್ಲಿ ಆಸ್ಟ್ರೇಲಿಯದ ಮಾಜಿ ಪ್ರಧಾನಿ ಟೋನಿ ಆಬಟ್ ತಮ್ಮ ಬೋರ್ಡಿಂಗ್ ಪಾಸಿನ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆಯಿಂದಲೇ ಒಬ್ಬರು ಅವರ ಪಾಸ್‌ಪೋರ್ಟ್ ಸಂಖ್ಯೆ ಮತ್ತು ಫೋನ್ ಸಂಖ್ಯೆಯವರೆಗೆ ತಲುಪಿದರು. ಸದುದ್ದೇಶದವರಾದ್ದರಿಂದ ಸರ್ಕಾರಕ್ಕೂ ಸಂಸ್ಥೆಗೂ ತಿಳಿಸಿದರು. ಮೊದಲ ವಿಮಾನಯಾನದ ಸಂತೋಷಕ್ಕೆ ಪಾಸಿನ ಸ್ಕ್ರೀನ್‌ಶಾಟನ್ನು ವಾಟ್ಸ್‌ಆಪ್ ಸ್ಟೇಟಸ್ಸಿನಲ್ಲಿ ಹಾಕುವವರು ಇದನ್ನು ನೆನಪಿಡಬೇಕು. ಕಣ್ಣಿಗೆ ಕಾಣುವ ಹೆಸರನ್ನು ಮುಚ್ಚಿದರೆ ಸಾಲದು, ಬಾರ್‌ಕೋಡಿನೊಳಗೂ ಅದೇ ವಿವರವಿದೆ. ನಿಲ್ದಾಣದ ಅಂಗಡಿಗಳಲ್ಲಿ ಪಾಸು ಕೇಳುವುದಕ್ಕೂ ಕಾರಣ ತಿಳಿದಿರುವುದು ಒಳ್ಳೆಯದು. 2015ರಲ್ಲಿ ಬ್ರಿಟನ್ನಿನ ಪತ್ರಿಕೆಗಳು ಬಯಲುಮಾಡಿದಂತೆ, ಅಲ್ಲಿನ ಕೆಲವು ಅಂಗಡಿಗಳು ಪಾಸನ್ನು ಸ್ಕ್ಯಾನ್ ಮಾಡುತ್ತಿದ್ದುದು ಮೌಲ್ಯವರ್ಧಿತ ತೆರಿಗೆಯ ವಿನಾಯಿತಿ ಪಡೆಯಲು, ಮತ್ತು ಆ ಲಾಭವನ್ನು ಗ್ರಾಹಕರಿಗೆ ವರ್ಗಾಯಿಸುತ್ತಿರಲಿಲ್ಲ.

ಪ್ರಯಾಣ ಮುಗಿದ ಮೇಲೂ ಪಾಸಿಗೆ ಕೆಲಸವಿರುತ್ತದೆ. ಸರ್ಕಾರಿ ನೌಕರರು ಪ್ರವಾಸ ಭತ್ಯೆ ಅಥವಾ ರಜಾ ಪ್ರವಾಸ ಸೌಲಭ್ಯದ ಬಿಲ್ಲಿಗೆ ಬೋರ್ಡಿಂಗ್ ಪಾಸನ್ನು ಲಗತ್ತಿಸುವ ರೂಢಿ ಬಹಳ ಕಚೇರಿಗಳಲ್ಲಿದೆ. ಫೋನಿನ ಪಾಸು ಪ್ರಯಾಣದ ಮರುದಿನ ಆಪ್‌ನಿಂದ ಮಾಯವಾಗಬಹುದು. ವೆಬ್ ಚೆಕ್-ಇನ್ ಆದಾಗ ಬರುವ ಪಿಡಿಎಫ್ ಪ್ರತಿಯನ್ನು ಇಮೇಲಿನಲ್ಲಿ ಉಳಿಸಿಕೊಂಡರೆ ಈ ಪೇಚು ತಪ್ಪುತ್ತದೆ. ಯುರೋಪಿನಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ತಡವಾದ ವಿಮಾನಕ್ಕೆ ಪರಿಹಾರ ಕೇಳಿದವರು ಬೋರ್ಡಿಂಗ್ ಪಾಸು ತೋರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ, ಖಚಿತ ಬುಕಿಂಗ್ ಇದ್ದವರಿಗೆ ಪರಿಹಾರ ನಿರಾಕರಿಸಬಾರದೆಂದು ಯುರೋಪಿಯನ್ ನ್ಯಾಯಾಲಯ 2019ರ ಅಕ್ಟೋಬರಿನಲ್ಲಿ ಹೇಳಿತು. ಪ್ರಯಾಣಿಕರು ವಿಮಾನ ಹತ್ತಿದರೋ ಇಲ್ಲವೋ ಎಂಬ ದಾಖಲೆ ಸಂಸ್ಥೆಯ ಬಳಿಯೇ ಇರುವಾಗ ಇದು ನ್ಯಾಯವಾದ ಮಾತು.

ಅನುಕೂಲ ಕಡ್ಡಾಯವಾಗುವ ಹಂತವೂ ಈಗ ಬಂದಿದೆ. ಯುರೋಪಿನ ಅತಿ ದೊಡ್ಡ ಅಗ್ಗದ ವಿಮಾನ ಸಂಸ್ಥೆ ರಯನ್ಏರ್ 2025ರ ನವೆಂಬರ್ 12ರಿಂದ ಮನೆಯಲ್ಲಿ ಮುದ್ರಿಸಿದ ಕಾಗದದ ಪಾಸನ್ನು ಒಪ್ಪುವುದನ್ನು ನಿಲ್ಲಿಸಿ, ಸಂಸ್ಥೆಯ ಆಪ್‌ನಲ್ಲಿರುವ ಪಾಸಿಗೆ ಮಾತ್ರ ಮಾನ್ಯತೆ ಕೊಟ್ಟಿತು. ಆನ್‌ಲೈನ್ ಚೆಕ್-ಇನ್ ಆದವರ ಫೋನು ಕಳೆದರೆ ಅಥವಾ ಆರಿದರೆ ನಿಲ್ದಾಣದಲ್ಲಿ ಉಚಿತವಾಗಿ ಪಾಸು ಕೊಡುವುದಾಗಿ ಹೇಳಿದೆ. ಆದರೂ ಸ್ಮಾರ್ಟ್‌ಫೋನ್ ಬಳಸದ ಹಿರಿಯರು, ದೃಷ್ಟಿ ಮಂದವಾದವರು, ಆಪ್ ಓದಲು ಭಾಷೆ ಬಾರದವರು ಇನ್ನೊಬ್ಬರ ಸಹಾಯ ಕೇಳಬೇಕಾಗುತ್ತದೆ. ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಪುಣೆಗೋ ದೆಹಲಿಗೋ ಒಬ್ಬರೇ ಹೊರಟ ತಾಯಂದಿರಿಗೆ, ಸೀಟು ಸಂಖ್ಯೆ ದಪ್ಪಕ್ಷರದಲ್ಲಿ ಬರೆದ ಒಂದು ಚೀಟಿ ಕೈಯಲ್ಲಿರುವುದು ಧೈರ್ಯ ಕೊಡುತ್ತದೆ. ಅಂಥವರಿಗಾಗಿ ಕೌಂಟರಿನ ಪ್ರಿಂಟರ್ ಉಳಿಯಲೇಬೇಕು.

ಭಾರತದಲ್ಲಿ ಕೋವಿಡ್ ನಂತರ ಕೆಲವು ಸಂಸ್ಥೆಗಳು ಕೌಂಟರಿನಲ್ಲಿ ಪಾಸು ಕೊಡಲು 200 ರೂಪಾಯಿ ಶುಲ್ಕ ಪಡೆಯುತ್ತಿದ್ದವು. 1937ರ ವಿಮಾನ ನಿಯಮಗಳಂತೆ ಇದು ಸಲ್ಲದು, ಚೆಕ್-ಇನ್ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹೆಚ್ಚುವರಿ ಹಣ ಕೇಳಬಾರದು ಎಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈ 21ರಂದು ಸಂಸ್ಥೆಗಳಿಗೆ ಸೂಚಿಸಿತು.